ಚರ್ಚ್ ರಾಕ್, 1979: ಏರಿ ಒಡೆದದ್ದು ಒಂದು ಬೆಳಗ್ಗೆ, ನದಿ ಕೆಟ್ಟದ್ದು ಇಪ್ಪತ್ತೆರಡು ವರ್ಷ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಗ್ಯಾಲಪ್ ಎಂಬ ಪಟ್ಟಣವಿದೆ. ಅಲ್ಲಿಂದ ಈಶಾನ್ಯಕ್ಕೆ 27 ಕಿಲೋಮೀಟರ್ ಹೋದರೆ ಚರ್ಚ್ ರಾಕ್ ಸೀಮೆ. ಕೆಂಪು ಮರಳುಗಲ್ಲಿನ ಬಂಡೆಗಳು, ವರ್ಷದ ಬಹುಪಾಲು ಒಣಗಿಯೇ ಇರುವ ಹಳ್ಳಗಳು, ಕುರಿ ಮೇಯಿಸಿ ಬದುಕುವ ನವಾಹೊ ಬುಡಕಟ್ಟಿನವರ ಚದುರಿದ ಮನೆಗಳು. 1979ರ ಜುಲೈ 16ರ ಸೋಮವಾರ ಬೆಳಗಿನ ಜಾವ ಐದೂವರೆ ಸುಮಾರಿಗೆ ಅಲ್ಲಿನ ಯುರೇನಿಯಂ ಮಿಲ್‌ನ ತ್ಯಾಜ್ಯ ಕೊಳದ ಏರಿ ಒಡೆಯಿತು. ಒಡೆದ ಬಾಯಿ 20 ಅಡಿ ಅಗಲವಿತ್ತು. ಸುಮಾರು 1,000 ಟನ್ ಘನ ತ್ಯಾಜ್ಯವೂ 35 ಕೋಟಿ ಲೀಟರಿಗೂ ಹೆಚ್ಚು ಆಮ್ಲದ ನೀರೂ ಪೈಪ್‌ಲೈನ್ ಅರೋಯೊ ಎಂಬ ಹಳ್ಳಕ್ಕೆ ನುಗ್ಗಿ, ಪುಯೆರ್ಕೊ ನದಿ ಸೇರಿ, ಗ್ಯಾಲಪ್ ದಾಟಿ, ನೆರೆಯ ಅರಿಜೋನಾ ರಾಜ್ಯದೊಳಕ್ಕೆ ಹರಿದವು. ಸುಮಾರು 130 ಕಿ.ಮೀ. ದೂರದವರೆಗೆ ಅದರ ಗುರುತು ಸಿಕ್ಕಿತು. ಪ್ರಮಾಣದ ಲೆಕ್ಕದಲ್ಲಿ ಅಮೆರಿಕದಲ್ಲಿ ಒಂದೇ ಏಟಿಗೆ ಹೊರಬಿದ್ದ ವಿಕಿರಣಶೀಲ ತ್ಯಾಜ್ಯಗಳಲ್ಲಿ ಇದೇ ಅತಿ ದೊಡ್ಡದು.

ಜಗತ್ತಿನ ಮೊದಲ ಅಣುಬಾಂಬ್ ಪರೀಕ್ಷೆ ನಡೆದದ್ದೂ ಇದೇ ರಾಜ್ಯದಲ್ಲಿ, 1945ರ ಇದೇ ಜುಲೈ 16ರಂದು, ಹೆಚ್ಚುಕಡಿಮೆ ಇದೇ ಹೊತ್ತಿಗೆ. ಅದನ್ನು ಎಲ್ಲರೂ ನೆನೆಯುತ್ತಾರೆ. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಆದ ಅಪಘಾತವೂ ಪಠ್ಯಪುಸ್ತಕ ಸೇರಿತು. ಅದಾದ ನಾಲ್ಕು ತಿಂಗಳೊಳಗೆ ನಡೆದ ಚರ್ಚ್ ರಾಕ್ ಮಾತ್ರ ಮರೆಯಲ್ಲೇ ಉಳಿಯಿತು. ಅಲ್ಲಿ ತೊಂದರೆಗೆ ಸಿಕ್ಕವರು ಇಂಗ್ಲಿಷ್ ಪತ್ರಿಕೆಗಳ ಓದುಗರಾಗಿರಲಿಲ್ಲ, ಕುರಿ ಕಾಯುವವರಾಗಿದ್ದರು.

ಇದನ್ನು ಒಡೆದ ಏರಿಯ ಕತೆಯಾಗಿ ಮಾತ್ರ ಓದಿದರೆ ಅರ್ಧ ಓದಿದಂತೆ ಎಂಬುದು ನನ್ನ ಅಭಿಪ್ರಾಯ. ಯುರೇನಿಯಂ ತೆಗೆಯುವ ಕೆಲಸಕ್ಕೆ ಕಾಯಿದೆ ಹಾಕಿದ ಬೇಲಿ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ, ಆ ಬೇಲಿಯ ಸಂದಿಯಲ್ಲಿ ಏನೇನು ಹರಿದುಹೋಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ. ಯಾದಗಿರಿ ಜಿಲ್ಲೆಯ ಗೋಗಿಯ ನೆಲದಡಿಯಲ್ಲೂ ಯುರೇನಿಯಂ ಇರುವುದರಿಂದ ನಾವು ಇದನ್ನು ಗಮನವಿಟ್ಟು ನೋಡಬೇಕು.

ಕೊಳದಲ್ಲಿ ಏನಿತ್ತು

ಯುರೇನಿಯಂ ಅದಿರಿನಲ್ಲಿ ಯುರೇನಿಯಂ ಇರುವುದು ಚೂರೇ ಚೂರು. ನೂರು ಕಿಲೋ ಕಲ್ಲಿನಲ್ಲಿ ನೂರಿನ್ನೂರು ಗ್ರಾಂ ಸಿಕ್ಕರೆ ಒಳ್ಳೆಯ ಅದಿರು. ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಗಂಧಕಾಮ್ಲದಲ್ಲಿ ಕಲಸಿ, ಯುರೇನಿಯಂ ಕರಗಿ ಬಂದ ಮೇಲೆ ಅದನ್ನು ಬೇರ್ಪಡಿಸಿ ಹಳದಿ ಪುಡಿಯಾಗಿ ಒಣಗಿಸುತ್ತಾರೆ. ಉಳಿದ ಮರಳು, ಕೆಸರು, ಆಮ್ಲದ ನೀರೆಲ್ಲ ಸೇರಿ ಟೇಲಿಂಗ್ಸ್. ಮಿಲ್‌ಗೆ ಬಂದ ಕಲ್ಲು ಹೆಚ್ಚುಕಡಿಮೆ ಪೂರ್ತಿಯಾಗಿ ಟೇಲಿಂಗ್ಸ್ ಆಗಿಯೇ ಹೊರಬರುತ್ತದೆ.

ಯುರೇನಿಯಂ ತೆಗೆದುಬಿಟ್ಟ ಮೇಲೆ ಅಪಾಯವೂ ಹೋಯಿತಲ್ಲ ಎಂದು ಸಾಮಾನ್ಯವಾಗಿ ಅನಿಸುತ್ತದೆ. ಹಾಗಾಗುವುದಿಲ್ಲ. ಯುರೇನಿಯಂ ಕೋಟ್ಯಂತರ ವರ್ಷಗಳಿಂದ ಕ್ಷಯಿಸುತ್ತ ಬಂದಿರುವುದರಿಂದ ಅದರ ಜೊತೆಗೇ ತೋರಿಯಂ-230, ರೇಡಿಯಂ-226 ಮೊದಲಾದವು ಕಲ್ಲಿನಲ್ಲಿ ಕೂಡಿಕೊಂಡಿರುತ್ತವೆ. ಮಿಲ್‌ಗೆ ಬೇಕಾದದ್ದು ಯುರೇನಿಯಂ ಮಾತ್ರ, ಉಳಿದದ್ದು ಕೊಳಕ್ಕೆ ಹೋಗುತ್ತದೆ. ಅದಿರಿನ ಒಟ್ಟು ವಿಕಿರಣದಲ್ಲಿ ಸುಮಾರು ಶೇ. 85 ಭಾಗ ಟೇಲಿಂಗ್ಸ್‌ನಲ್ಲೇ ಉಳಿಯುತ್ತದೆ. ತೋರಿಯಂ-230ರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, 75,000 ವರ್ಷ, ರೇಡಿಯಂನದು 1,600 ವರ್ಷ. ರೇಡಿಯಂನಿಂದ ರೇಡಾನ್ ಎಂಬ ಅನಿಲ ಹುಟ್ಟಿ ಗಾಳಿಗೆ ಸೇರುತ್ತಿರುತ್ತದೆ. ಬಂಡೆಯೊಳಗೆ ಬಂದಿಯಾಗಿದ್ದ ಇದೆಲ್ಲವನ್ನೂ ನುಣ್ಣಗೆ ಅರೆದು, ಆಮ್ಲದಲ್ಲಿ ನೆನೆಸಿ, ಬಯಲಿನಲ್ಲಿ ಇಟ್ಟ ಸ್ಥಿತಿಯೇ ಟೇಲಿಂಗ್ಸ್ ಕೊಳ.

ಯುನೈಟೆಡ್ ನ್ಯೂಕ್ಲಿಯರ್ ಕಾರ್ಪೊರೇಷನ್‌ನ ಈ ಮಿಲ್ ದಿನಕ್ಕೆ 4,000 ಟನ್ ಅದಿರು ಅರೆಯುವ ಸಾಮರ್ಥ್ಯದ್ದು. ಕೆಲಸ ಶುರುವಾದದ್ದು 1977ರ ಜೂನ್‌ನಲ್ಲಿ. ಅಂದರೆ ಏರಿ ಒಡೆದಾಗ ಮಿಲ್‌ಗೆ ಎರಡು ವರ್ಷ ತುಂಬಿ ಒಂದು ತಿಂಗಳಾಗಿತ್ತು ಅಷ್ಟೆ. ಹಳೆಯ ಕಾಲದ, ಅರಿವಿಲ್ಲದೆ ಕಟ್ಟಿದ ಘಟಕ ಎಂದು ಹೇಳುವಂತಿರಲಿಲ್ಲ. ಎಂಜಿನಿಯರುಗಳು ವಿನ್ಯಾಸ ಮಾಡಿ, ರಾಜ್ಯ ಸರ್ಕಾರ ಒಪ್ಪಿ, ಪರವಾನಗಿ ಕೊಟ್ಟ ಹೊಸ ಏರಿ ಅದು.

ಏರಿ ಒಡೆದ ಬಗೆ

ನಮ್ಮ ಕೆರೆಗಳ ಏರಿ ನೋಡಿಕೊಂಡವರಿಗೆ ಈ ಭಾಗ ಕೂಡಲೇ ಅರ್ಥವಾಗುತ್ತದೆ. ಮಣ್ಣಿನ ಏರಿಗೆ ಮೂರು ಕಡೆಯಿಂದ ಗಂಡಾಂತರ: ತಳದ ನೆಲ ಕುಸಿಯುವುದು, ಏರಿಯ ಮೈಯೊಳಗೆ ನೀರು ಬಸಿಯುವುದು, ನೀರು ಮಿತಿಮೀರಿ ಏರುವುದು. ಚರ್ಚ್ ರಾಕ್‌ನಲ್ಲಿ ಮೂರೂ ಕೂಡಿಬಂದವು.

ಏರಿ ನಿಂತಿದ್ದ ನೆಲ ಏಕಪ್ರಕಾರವಾಗಿರಲಿಲ್ಲ. ಒಂದೆಡೆ ಗಟ್ಟಿ ಬಂಡೆ ಮೇಲುಮೇಲಕ್ಕೇ ಇತ್ತು, ಅದರ ಪಕ್ಕದಲ್ಲಿ ಹಳ್ಳ ತಂದು ಹಾಕಿದ ಆಳವಾದ ಮೆಕ್ಕಲು. ಇಂಥ ಮೆಕ್ಕಲು ಒಣಗಿದ್ದಾಗ ಗಟ್ಟಿಯಾಗಿ ಕಾಣುತ್ತದೆ, ನೀರು ತಾಗಿದರೆ ಕುಗ್ಗುತ್ತದೆ. ಏರಿಯ ಒಂದು ಭಾಗ ಬಂಡೆಯ ಮೇಲೆ ನಿಂತುಕೊಂಡು, ಪಕ್ಕದ ಭಾಗ ಕೆಳಗಿಳಿದರೆ ನಡುವೆ ಬಿರುಕು ಬಿಡಲೇಬೇಕು. ನೆಲ ಕುಗ್ಗುವ ಸಂಭವವಿದೆ ಎಂದು ಕಂಪನಿಯ ಸಲಹೆಗಾರರೇ ಮೊದಲು ಎಚ್ಚರಿಸಿದ್ದರು. 1977ರ ಕೊನೆಯ ಹೊತ್ತಿಗೆ, ಮಿಲ್ ಶುರುವಾಗಿ ಆರು ತಿಂಗಳಾಗುವಷ್ಟರಲ್ಲಿ, ಏರಿಯಲ್ಲಿ ಬಿರುಕು ಕಾಣಿಸಿತು. ಮರುವರ್ಷವೂ ಕಾಣಿಸಿತು. ಬಿರುಕನ್ನು ತುಂಬಿ ಮುಚ್ಚಿದರು, ಆದರೆ ರಾಜ್ಯದ ಅಧಿಕಾರಿಗಳಿಗೆ ತಿಳಿಸಲಿಲ್ಲ.

ಬಿರುಕಿಗೆ ನೀರು ತಾಗದಂತೆ ನೋಡಿಕೊಳ್ಳುವ ದಾರಿಯೂ ವಿನ್ಯಾಸದಲ್ಲೇ ಇತ್ತು. ಟೇಲಿಂಗ್ಸ್ ಕೊಳಕ್ಕೆ ಕೆಸರು ಬಿಡುವಾಗ ದಪ್ಪ ಮರಳು ಏರಿಯ ಬುಡದಲ್ಲೇ ಕೂತು ದಂಡೆಯಂತಾಗಬೇಕು, ಆಮ್ಲದ ನೀರು ದೂರದಲ್ಲಿ ನಿಲ್ಲಬೇಕು. ಆಗ ನೀರು ಏರಿಯ ಮೈ ಮುಟ್ಟುವುದಿಲ್ಲ. ಚರ್ಚ್ ರಾಕ್‌ನಲ್ಲಿ ಆ ಮರಳಿನ ದಂಡೆ ಇರಬೇಕಾದಂತೆ ಇರಲಿಲ್ಲ. ನೀರಿನ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಬಿಡಬೇಕಾದ ತೆರಪನ್ನೂ ಬಿಟ್ಟಿರಲಿಲ್ಲ, ಒಪ್ಪಿಕೊಂಡಿದ್ದ ಮಟ್ಟಕ್ಕಿಂತ ಸುಮಾರು ಎರಡು ಅಡಿ ಮೇಲೆ ನೀರು ನಿಂತಿತ್ತು. ಬಿರುಕಿಗೆ ನೀರು ಸಿಕ್ಕಿತು, ಮಣ್ಣು ಕೊಚ್ಚಿತು, ಬಾಯಿ ಬಿತ್ತು. ಏರಿಯ ಅಡಿಯಲ್ಲಿದ್ದ ಬಂಡೆಯ ಮೊನೆಯೇ ಕಾರಣ ಎಂದು ಕಂಪನಿ ಹೇಳಿತು. ಬಂಡೆ ಅಲ್ಲಿದ್ದದ್ದು ನಿಜವೇ. ಆದರೆ ಬಂಡೆಯೇನೂ ಹಿಂದಿನ ರಾತ್ರಿ ಬಂದದ್ದಲ್ಲ, ಎರಡು ಅಡಿ ಹೆಚ್ಚು ನೀರು ನಿಲ್ಲಿಸಿದ್ದು ಬಂಡೆಯೂ ಅಲ್ಲ.

ಆ ಎರಡು ಅಡಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಏರಿಯ ಮೇಲೆ ನಡೆದುಹೋಗುವ ಯಾರಿಗಾದರೂ ಅದು ಕಾಣುತ್ತಿತ್ತು. ಅದನ್ನು ಹಿಡಿಯಲು ವಿಕಿರಣ ಅಳೆಯುವ ಉಪಕರಣ ಬೇಕಿರಲಿಲ್ಲ, ಭೌತವಿಜ್ಞಾನ ಗೊತ್ತಿರಬೇಕಿರಲಿಲ್ಲ. ಗುರುತು ಹಾಕಿದ ಒಂದು ಕೋಲು ನೆಟ್ಟು, ನೀರು ಗುರುತು ದಾಟಿದ ದಿನ ಮಿಲ್ ನಿಲ್ಲಿಸುವ ಅಧಿಕಾರವಿರುವ ಒಬ್ಬರು ಇದ್ದಿದ್ದರೆ ಸಾಕಿತ್ತು.

ನೋಡಬೇಕಾದವರು ಯಾರು

ಅಂಥವರು ಯಾಕೆ ಇರಲಿಲ್ಲ? ಯುರೇನಿಯಂ ಅಂದರೆ ಅಮೆರಿಕದಲ್ಲಿ ಅಣುಶಕ್ತಿ ಕಾಯಿದೆ. ಆದರೆ ಆ ಕಾಯಿದೆಯ ಹಿಡಿತ ಶುರುವಾಗುವುದು ಅದಿರು ತಾನು ಹುಟ್ಟಿದ ಜಾಗದಿಂದ ಹೊರಬಂದ ಮೇಲೆ. ನೆಲದೊಳಗಿನ ಗಣಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಇನ್ನು ಮಿಲ್‌ನಿಂದ ಹೊರಬಿದ್ದ ಟೇಲಿಂಗ್ಸ್ ನೋಡಿದರೆ ಅದರಲ್ಲಿ ಯುರೇನಿಯಂ ಶೇ. 0.05ಕ್ಕಿಂತ ಕಡಿಮೆ, ಹಾಗಾಗಿ ಕಾಯಿದೆಯ ಪ್ರಕಾರ ಅದು ನಿಯಂತ್ರಣಕ್ಕೆ ಒಳಪಡುವ ವಸ್ತುವೇ ಅಲ್ಲ ಎಂಬ ವ್ಯಾಖ್ಯಾನ ದಶಕಗಟ್ಟಲೆ ನಡೆಯಿತು. ರೇಡಿಯಂ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಬಾಂಬಿಗೂ ಸ್ಥಾವರಕ್ಕೂ ಬೇಕಾದ ವಸ್ತುವನ್ನು ಕಾಯಲು ಬರೆದ ಕಾಯಿದೆ ಅದು. ಜನರನ್ನು ಕಾಯುವ ವಿಚಾರ ಅದಕ್ಕೆ ತಡವಾಗಿ ಸೇರಿತು.

1978ರ ನವೆಂಬರ್ 8ರಂದು ಯುರೇನಿಯಂ ಮಿಲ್ ಟೇಲಿಂಗ್ಸ್ ವಿಕಿರಣ ನಿಯಂತ್ರಣ ಕಾಯಿದೆ ಬಂತು. ಟೇಲಿಂಗ್ಸ್ ಮೊದಲ ಬಾರಿಗೆ ಅಣು ನಿಯಂತ್ರಣ ಆಯೋಗದ ಪರವಾನಗಿಯ ಕೆಳಗೆ ಬಂದಿತು. ಚರ್ಚ್ ರಾಕ್‌ನ ಏರಿ ಒಡೆದಾಗ ಈ ಕಾಯಿದೆಗೆ ಎಂಟು ತಿಂಗಳು. ಅದರಡಿಯ ವಿವರವಾದ ನಿಯಮಗಳು ಪ್ರಕಟವಾದದ್ದು 1980ರ ಅಕ್ಟೋಬರ್‌ನಲ್ಲಿ. ಜೊತೆಗೆ, ಕೇಂದ್ರದ ಜೊತೆ ಒಪ್ಪಂದ ಮಾಡಿಕೊಂಡು ಮಿಲ್‌ಗಳ ನಿಯಂತ್ರಣವನ್ನು ತಾನೇ ವಹಿಸಿಕೊಂಡ ರಾಜ್ಯಗಳಲ್ಲಿ ನ್ಯೂ ಮೆಕ್ಸಿಕೊ ಕೂಡ ಒಂದು. ಮಿಲ್‌ನ ಪರವಾನಗಿ ರಾಜ್ಯದ ಪರಿಸರ ವಿಭಾಗದ್ದು, ಏರಿಯ ಒಪ್ಪಿಗೆ ರಾಜ್ಯದ ಎಂಜಿನಿಯರ್ ಕಚೇರಿಯದ್ದು. ವಿಕಿರಣ ನೋಡುವವರು ಬೇರೆ, ಏರಿ ನೋಡುವವರು ಬೇರೆ. ಎಂಜಿನಿಯರ್ ಕಚೇರಿಗೆ ಬಿರುಕಿನ ಸುದ್ದಿಯೇ ಮುಟ್ಟಲಿಲ್ಲ.

ಏರಿ ಒಡೆದ ವರ್ಷವೇ, 1979ರ ಅಕ್ಟೋಬರ್ 22ರಂದು, ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಪ್ರತಿನಿಧಿ ಮಾರಿಸ್ ಯೂಡಲ್ ಅಧ್ಯಕ್ಷತೆಯ ಉಪಸಮಿತಿ ಈ ಬಗ್ಗೆ ವಿಚಾರಣೆ ನಡೆಸಿತು. ಕೇಂದ್ರ ಮತ್ತು ರಾಜ್ಯದ ಒಂದಕ್ಕಿಂತ ಹೆಚ್ಚು ಸಂಸ್ಥೆಗಳಿಗೆ ಈ ಏರಿ ಒಡೆಯಬಹುದು ಎಂದು ಮೊದಲೇ ತಿಳಿದುಕೊಳ್ಳುವ ಅವಕಾಶ ಸಾಕಷ್ಟಿತ್ತು ಎಂಬುದು ಅಲ್ಲಿ ಹೊರಬಂತು.

ಭೂಮಿಯ ಒಡೆತನ ಇನ್ನೂ ಗೋಜಲು. ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಕಂಪನಿಗೆ ಒಂದು ಚೌಕ ಬಿಟ್ಟು ಒಂದು ಚೌಕದಂತೆ ನೆಲ ಕೊಟ್ಟದ್ದರಿಂದ ಆ ಸೀಮೆ ಚದುರಂಗದ ಹಾಸಿನ ಹಾಗೆ ತುಂಡಾಗಿದೆ. ಗಣಿ ಇದ್ದದ್ದು ನವಾಹೊ ಭೂಮಿಯಲ್ಲಿ, ಅದರ ಅದಿರು ಅರೆಯುವ ಮಿಲ್ ಇದ್ದದ್ದು ಹತ್ತಿರದ ಖಾಸಗಿ ಚೌಕದಲ್ಲಿ. ಹಾಗಾಗಿ ಮಿಲ್‌ನ ವಿಚಾರದಲ್ಲಿ ನವಾಹೊ ಆಡಳಿತಕ್ಕೆ ಅಧಿಕಾರವಿಲ್ಲ. ಮಿಲ್‌ನ ನೀರು ಹರಿದುಹೋದದ್ದು ಅವರ ಕುರಿ ಹಟ್ಟಿಗಳ ಮುಂದೆ.

ನದಿಯ ದಂಡೆಯಲ್ಲಿ

ಚೆಲ್ಲಿದ ನೀರು ಹುಳಿಯ ಅಳತೆಯಲ್ಲಿ ಪಿಎಚ್ 2ಕ್ಕಿಂತಲೂ ಕೆಳಗಿತ್ತು. ಬೆಳಗ್ಗೆ ಕುರಿ ಹೊಡೆದುಕೊಂಡು ನದಿ ದಾಟಿದವರು ಕಾಲು ಸುಟ್ಟಿತೆಂದು ಹೇಳಿದರು. ಗ್ಯಾಲಪ್‌ನಲ್ಲಿ ಪ್ರವಾಹ ಒಳಚರಂಡಿಗೆ ಹಿಮ್ಮುಖವಾಗಿ ನುಗ್ಗಿತು. ನದಿಯ ಪಾತ್ರದ ಗುಂಡಿಗಳಲ್ಲಿ ಹಳದಿ ಬಣ್ಣದ ನೀರು ನಿಂತಿತು. ನದಿಗೆ ಹೋಗಬೇಡಿ, ದನಕರುಗಳಿಗೆ ನೀರು ಕುಡಿಸಬೇಡಿ ಎಂಬ ಎಚ್ಚರಿಕೆ ಜನರಿಗೆ ಮುಟ್ಟಲು ದಿನಗಳೇ ಹಿಡಿದವು. ಅಲ್ಲಿನ ಹಿರಿಯರಲ್ಲಿ ಅನೇಕರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ನವಾಹೊ ಮಾತಾಡುವ ಭಾಷೆಯಾಗಿ ಬೆಳೆದದ್ದೇ ಹೊರತು ಫಲಕ ಓದುವ ಭಾಷೆಯಾಗಿ ಅಲ್ಲ. ಕುರಿಗೆ ನದಿ ಬಿಟ್ಟರೆ ಬೇರೆ ನೀರೂ ಹತ್ತಿರದಲ್ಲಿರಲಿಲ್ಲ.

ಈ ಪ್ರದೇಶವನ್ನು ವಿಪತ್ತು ಪ್ರದೇಶವೆಂದು ಘೋಷಿಸುವಂತೆ ಕೇಂದ್ರವನ್ನು ಕೇಳಿ ಎಂದು ನವಾಹೊ ಆಡಳಿತ ರಾಜ್ಯಪಾಲ ಬ್ರೂಸ್ ಕಿಂಗ್ ಅವರಲ್ಲಿ ಮೊರೆಯಿಟ್ಟಿತು. ಅವರು ಒಪ್ಪಲಿಲ್ಲ. ಕಂಪನಿಯ ಕೆಲಸಗಾರರು ಸಲಿಕೆ, ಬಕೆಟ್ ಹಿಡಿದು ನದಿಯಿಂದ ಕೆಸರು ಬಳಿದರು. 3,500 ಬ್ಯಾರೆಲ್ ತುಂಬಿದರೂ ಅದರಲ್ಲಿ ಬಹುಪಾಲು ನದಿಯದೇ ಮರಳು. ಚೆಲ್ಲಿದ ತ್ಯಾಜ್ಯದಲ್ಲಿ ವಾಪಸು ಬಂದದ್ದು ಶೇ. 1ರ ಆಸುಪಾಸು ಎಂದು ಅಂದಾಜು. ಉಳಿದದ್ದನ್ನು ಮುಂದಿನ ಮಳೆಗಳು ಕೆಳಕ್ಕೆ ಕೊಂಡೊಯ್ದವು.

ನಾಲ್ಕು ತಿಂಗಳು ತುಂಬುವುದರೊಳಗೆ, ನವೆಂಬರ್‌ನಲ್ಲಿ, ಮಿಲ್ ಮತ್ತೆ ಶುರುವಾಯಿತು. ತಳಕ್ಕೆ ಹೊದಿಕೆಯಿಲ್ಲದ ಕೊಳಗಳಿಗೇ ಮತ್ತೆ ಆಮ್ಲದ ನೀರು ಬಿಟ್ಟರು, ಅದು ಅಂತರ್ಜಲಕ್ಕೆ ಬಸಿಯುತ್ತ ಹೋಯಿತು. ಕೊನೆಗೆ ಮಿಲ್ ಮುಚ್ಚಿದ್ದು 1982ರಲ್ಲಿ, ಅದೂ ಯುರೇನಿಯಂ ಬೆಲೆ ಕುಸಿದ ಮೇಲೆ. ನಿಯಂತ್ರಕರಿಂದ ಆಗದ್ದನ್ನು ಮಾರುಕಟ್ಟೆ ಮಾಡಿತು. ಮರುವರ್ಷ ಆ ಜಾಗ ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆಯ ಸೂಪರ್‌ಫಂಡ್ ಪಟ್ಟಿ, ಅಂದರೆ ತೀರಾ ಕೆಟ್ಟುಹೋದ, ಶುದ್ಧ ಮಾಡಬೇಕಾದ ಜಾಗಗಳ ಪಟ್ಟಿ, ಸೇರಿತು. ಮೊಕದ್ದಮೆ ಹೂಡಿದ ನವಾಹೊ ಕುಟುಂಬಗಳೊಂದಿಗೆ ಕಂಪನಿ ನ್ಯಾಯಾಲಯದ ಹೊರಗೆ ಇತ್ಯರ್ಥ ಮಾಡಿಕೊಂಡಿತು. ಎಲ್ಲರಿಗೂ ಸೇರಿ ಮೊತ್ತ 5,25,000 ಡಾಲರ್.

ಆರೋಗ್ಯದ ಪ್ರಶ್ನೆಗೆ ಸಿಕ್ಕ ಉತ್ತರ ತೀರಾ ಚಿಕ್ಕದು. ಆರು ಮಂದಿಯನ್ನು ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ಕರೆದೊಯ್ದು ಪರೀಕ್ಷಿಸಿದರು, ಅಸಹಜವಾದದ್ದು ಕಾಣಲಿಲ್ಲ. ಕೆಲವು ಕುರಿ, ಆಡು, ದನಗಳ ಅಂಗಗಳನ್ನು ಪರೀಕ್ಷಿಸಿದ ಕೇಂದ್ರದ ರೋಗ ನಿಯಂತ್ರಣ ವಿಜ್ಞಾನಿಗಳು ಪಿತ್ತಜನಕಾಂಗ ಮತ್ತು ಮೂತ್ರಪಿಂಡ ತಿನ್ನುವುದನ್ನು ಮಿತಿಗೊಳಿಸಿ ಎಂದು ಸಲಹೆಯಿತ್ತರು. ಆ ನೀರಿನಲ್ಲಿ ನಡೆದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಅಧ್ಯಯನ ಆಗ ಶುರುವಾಗಲಿಲ್ಲ. ಹಾನಿ ಆಗಲಿಲ್ಲ ಎಂದು ಹೇಳುವುದಕ್ಕೂ ಆಯಿತು ಎಂದು ಹೇಳುವುದಕ್ಕೂ ಬೇಕಾದ ಲೆಕ್ಕವನ್ನೇ ಇಡದೆ ಹೋದದ್ದು ನನಗೆ ಇಡೀ ಪ್ರಕರಣದಲ್ಲಿ ಅತಿ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಲೆಕ್ಕ ಇಲ್ಲದ ಕಡೆ ನೊಂದವರ ಮಾತು ಯಾವಾಗಲೂ ಬರೀ ದೂರಾಗಿ ಉಳಿಯುತ್ತದೆ.

ಏರಿ ಒಡೆಯುವ ಮೊದಲೇ ಹರಿಯುತ್ತಿದ್ದ ನೀರು

ಜಾನುವಾರುಗಳ ಪರೀಕ್ಷೆ ಇನ್ನೊಂದು ವಿಷಯದ ಕಡೆ ಬೆರಳು ತೋರಿಸಿತು. ಅವುಗಳ ಮೈಯಲ್ಲಿ ಸಿಕ್ಕ ವಿಕಿರಣ ವಸ್ತು ಆ ಒಂದು ದಿನದ ಪ್ರವಾಹದಿಂದಲೇ ಬಂದದ್ದೆಂದು ಹೇಳುವಂತಿರಲಿಲ್ಲ. ಹಾಗಾದರೆ ಎಲ್ಲಿಂದ?

ಪುಯೆರ್ಕೊ ಮಳೆ ಬಂದಾಗ ಮಾತ್ರ ಹರಿಯುವ ನದಿ. ಆದರೆ 1960ರ ದಶಕದಲ್ಲಿ ಅದು ವರ್ಷವಿಡೀ ಹರಿಯತೊಡಗಿತ್ತು. ನೆಲದಾಳದ ಗಣಿಗಳಲ್ಲಿ ಕೆಲಸ ಮಾಡಬೇಕಾದರೆ ಒಳಗೆ ಜಿನುಗುವ ನೀರನ್ನು ಹಗಲಿರುಳು ಪಂಪ್ ಮಾಡಿ ಹೊರಹಾಕಬೇಕು. ಚರ್ಚ್ ರಾಕ್‌ನ ಗಣಿಗಳ ಆ ನೀರು ಹಳ್ಳದ ಮೂಲಕ ನದಿಗೆ ಬರುತ್ತಿತ್ತು. ಒಣ ಸೀಮೆಯಲ್ಲಿ ಬೇಸಿಗೆಯಲ್ಲೂ ಬತ್ತದ ನೀರು ಕಂಡರೆ ಕುರಿ ಕಾಯುವವರು ಏನು ಮಾಡುತ್ತಾರೆ? ಕುರಿಗಳನ್ನು ಅಲ್ಲಿಗೇ ಹೊಡೆದರು. ಮಕ್ಕಳು ಅದರಲ್ಲಿ ಆಡಿದರು. ಆ ನೀರು ಯುರೇನಿಯಂ ಅದಿರಿನ ನಡುವಿಂದ ಬಂದದ್ದು.

ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ 1990ರ ದಶಕದಲ್ಲಿ ಎರಡನ್ನೂ ತೂಗಿ ನೋಡಿತು. ಏರಿ ಒಡೆದ ದಿನ ನದಿ ಸೇರಿದ ಯುರೇನಿಯಂ ಸುಮಾರು 1.5 ಟನ್, ಆಲ್ಫಾ ವಿಕಿರಣ 46 ಕ್ಯೂರಿ (ಕ್ಯೂರಿ ಎಂಬುದು ವಿಕಿರಣದ ಅಳತೆ). ಒಟ್ಟು 22 ವರ್ಷ ಗಣಿಗಳಿಂದ ಪಂಪ್ ಮಾಡಿ ಬಿಟ್ಟ ನೀರಿನ ಜೊತೆ ನದಿ ಸೇರಿದ ಯುರೇನಿಯಂ ಸುಮಾರು 560 ಟನ್, ಆಲ್ಫಾ ವಿಕಿರಣ 260 ಕ್ಯೂರಿ.

ಈ ಅಂಕಿಗಳನ್ನು ಮೊದಲು ಓದಿದಾಗ ಪ್ರಕರಣವೇ ತಲೆಕೆಳಗಾಯಿತು. ದೇಶದ ಅತಿ ದೊಡ್ಡ ಸೋರಿಕೆ ಎಂದು ಹೆಸರಾದದ್ದಕ್ಕಿಂತ ಮುನ್ನೂರು ಪಟ್ಟಿಗೂ ಮೀರಿದ ಯುರೇನಿಯಂ ಯಾವ ಗದ್ದಲವೂ ಇಲ್ಲದೆ ಅದೇ ನದಿಗೆ ಇಳಿದಿತ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವಾಗ ಎಚ್ಚರ ಬೇಕು. ಏರಿಯಿಂದ ಬಂದದ್ದರಲ್ಲಿ ತೋರಿಯಂ-230 ಹೆಚ್ಚು, ಆಮ್ಲ ಕಡುವಾಗಿತ್ತು, ಎಲ್ಲವೂ ಕೆಲವೇ ಗಂಟೆಗಳಲ್ಲಿ ಬಂದಿತು. ಗಣಿ ನೀರು ತೆಳುವಾಗಿ, ನಿಧಾನವಾಗಿ ಬಂದದ್ದು. ಆದರೆ ಕುರಿ ಕುಡಿದದ್ದು ದಿನವೂ ಆ ತೆಳು ನೀರನ್ನೇ.

ಗಣಿ ನೀರಿಗೆ ನಿಯಮವೇ ಇರಲಿಲ್ಲವೆಂದಲ್ಲ. ಶುದ್ಧ ಜಲ ಕಾಯಿದೆಯಡಿ ಅನುಮತಿ ಪಡೆಯಬೇಕಿತ್ತು. 1970ರ ದಶಕದ ಮಧ್ಯಭಾಗದಿಂದ ಬೇರಿಯಂ ಕ್ಲೋರೈಡ್ ಹಾಕಿ ರೇಡಿಯಂ ತಳಕ್ಕೆ ಇಳಿಸುವ ಸಂಸ್ಕರಣೆಯೂ ಬಂತು. ಆದರೆ ಯುರೇನಿಯಂಗೆ ಫೆಡರಲ್ ನಿಯಮ ಇಟ್ಟ ಮಿತಿ ತಿಂಗಳ ಸರಾಸರಿಯಲ್ಲಿ ಲೀಟರಿಗೆ 2 ಮಿಲಿಗ್ರಾಂ, ಅಂದರೆ 2,000 ಮೈಕ್ರೊಗ್ರಾಂ. ಅದೇ ದೇಶ 2000ನೇ ಇಸವಿಯಲ್ಲಿ ಕುಡಿಯುವ ನೀರಿಗೆ ನಿಗದಿ ಮಾಡಿದ ಮಿತಿ 30 ಮೈಕ್ರೊಗ್ರಾಂ. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60. ಒಣ ಹಳ್ಳಕ್ಕೆ ಬಿಡುವ ನೀರು ನದಿಯಲ್ಲಿ ಬೆರೆತು ತೆಳುವಾಗುತ್ತದೆ ಎಂದು ಲೆಕ್ಕ ಹಾಕಬಹುದು, ನದಿಯಲ್ಲಿ ಬೇರೆ ನೀರು ಇದ್ದರೆ. ಪುಯೆರ್ಕೊದಲ್ಲಿ ಬಹುತೇಕ ಕಾಲ ಹರಿಯುತ್ತಿದ್ದದ್ದು ಗಣಿಯ ನೀರು ಮಾತ್ರ.

ಆ ಅನುಮತಿಯನ್ನೂ ಗಣಿ ಉದ್ಯಮ ಸುಮ್ಮನೆ ಒಪ್ಪಲಿಲ್ಲ. ನ್ಯೂ ಮೆಕ್ಸಿಕೊದ ಒಣ ಹಳ್ಳಗಳು ಶುದ್ಧ ಜಲ ಕಾಯಿದೆಯ ಅರ್ಥದಲ್ಲಿ ದೇಶದ ಜಲಮೂಲಗಳೇ ಅಲ್ಲ, ಹಾಗಾಗಿ ಕೇಂದ್ರಕ್ಕೆ ಅಧಿಕಾರವಿಲ್ಲ ಎಂದು ಕ್ವಿವೀರಾ ಮೈನಿಂಗ್ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಹತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 1985ರಲ್ಲಿ ಆ ವಾದ ತಳ್ಳಿಹಾಕಿತು. ಮರುವರ್ಷ ಪಂಪುಗಳು ನಿಂತವು. ಪುಯೆರ್ಕೊ ಮತ್ತೆ ಒಣ ನದಿಯಾಯಿತು.

ಆಮೇಲೆ ಬಂದ ನಿಯಮಗಳು

1980ರ ಅಣು ನಿಯಂತ್ರಣ ಆಯೋಗದ ನಿಯಮಗಳು ಏರಿಯ ಮಟ್ಟಿಗೆ ಒಳ್ಳೆಯ ಪಾಠ ಕಲಿತಿವೆ, ಅದನ್ನು ಮನಸಾರೆ ಹೇಳಬೇಕು. ಟೇಲಿಂಗ್ಸನ್ನು ಆದಷ್ಟು ನೆಲಮಟ್ಟದ ಕೆಳಗೇ ಹೂಳಬೇಕು, ಆಗ ಒಡೆಯಲು ಏರಿಯೇ ಇರುವುದಿಲ್ಲ. ಏರಿ ಕಟ್ಟಲೇಬೇಕಾದರೆ ಅರ್ಹ ಎಂಜಿನಿಯರ್ ಅಥವಾ ವಿಜ್ಞಾನಿ ದಿನವೂ ನೋಡಿ ಬರೆದಿಡಬೇಕು. ಏರಿ ಸೋಲುವ ಸೂಚನೆ ಕೊಡುವ ಯಾವುದೇ ಅಸಹಜ ಸ್ಥಿತಿ ಕಂಡರೆ ಕೂಡಲೇ ಆಯೋಗಕ್ಕೆ ತಿಳಿಸಬೇಕು. ಬಿರುಕು ಕಂಡು ತುಂಬಿ ಸುಮ್ಮನಾಗುವುದು ಈಗ ನಿಯಮ ಮುರಿದಂತೆ. ಮುಚ್ಚುವ ಖರ್ಚಿಗೆ ಕಂಪನಿ ಮೊದಲೇ ಠೇವಣಿ ಇಡಬೇಕು, ದಿವಾಳಿಯಾದರೂ ಕೆಲಸ ನಡೆಯಬೇಕು. ಪರಿಸರ ಸಂಸ್ಥೆ 1983ರಲ್ಲಿ ಇಟ್ಟ ಮಾನದಂಡದ ಪ್ರಕಾರ ಮೇಲಿನ ಹೊದಿಕೆ ಸಾಧ್ಯವಾದರೆ 1,000 ವರ್ಷ, ಏನೇ ಆದರೂ 200 ವರ್ಷ ಬಾಳಬೇಕು. 1986ರಲ್ಲಿ ನ್ಯೂ ಮೆಕ್ಸಿಕೊ ತನ್ನ ಮಿಲ್ ನಿಯಂತ್ರಣದ ಅಧಿಕಾರವನ್ನು ಆಯೋಗಕ್ಕೇ ಮರಳಿಸಿತು.

ಇಷ್ಟೆಲ್ಲ ಆದರೂ ಮೂಲದ ಬೇಲಿ ಅಲ್ಲೇ ಉಳಿಯಿತು. ಹೊಸ ಕಾಯಿದೆ ಹಿಡಿದದ್ದು ಅದಿರು ಅರೆದ ಮೇಲಿನ ತ್ಯಾಜ್ಯವನ್ನು. ಅರೆಯದೆ ಗಣಿಯ ಬಾಯಲ್ಲಿ ಗುಡ್ಡೆ ಹಾಕಿದ ಕಡಿಮೆ ದರ್ಜೆಯ ಕಲ್ಲುಮಣ್ಣು ಅದರ ವ್ಯಾಪ್ತಿಗೆ ಬರಲಿಲ್ಲ. ಎರಡರಲ್ಲೂ ರೇಡಿಯಂ ಇದೆ, ಗಾಳಿಗೆ ಎರಡೂ ಏಳುತ್ತವೆ, ಮಳೆಗೆ ಎರಡೂ ಹರಿಯುತ್ತವೆ. 1944ರಿಂದ 1986ರವರೆಗೆ ನವಾಹೊ ನೆಲದಿಂದ ಸುಮಾರು 3 ಕೋಟಿ ಟನ್ ಅದಿರು ಹೋಯಿತು. ಪಾಳುಬಿದ್ದ ಗಣಿಗಳು 500ಕ್ಕೂ ಹೆಚ್ಚು ಅಲ್ಲೇ ಉಳಿದವು. 2005ರಲ್ಲಿ ನವಾಹೊ ಆಡಳಿತ ತನ್ನ ನೆಲದಲ್ಲಿ ಯುರೇನಿಯಂ ಗಣಿಗಾರಿಕೆಯನ್ನೇ ನಿಷೇಧಿಸಿತು.

ಗೋಗಿಯಿಂದ ನೋಡಿದಾಗ

ಆದಿಲ್‌ಶಾಹಿ ಸುಲ್ತಾನರ ಗೋರಿಗಳಿರುವ ಗೋಗಿ ಶಹಾಪುರ ತಾಲ್ಲೂಕಿನ ಊರು. ಭೀಮಾ ಕೊಳ್ಳದ ಸುಣ್ಣಕಲ್ಲು ಮತ್ತು ಅದರಡಿಯ ಗ್ರಾನೈಟ್‌ನಲ್ಲಿ ಭಾರತದ ಮಟ್ಟಿಗೆ ಉತ್ತಮ ದರ್ಜೆಯ ಯುರೇನಿಯಂ ಅಲ್ಲಿ ಪತ್ತೆಯಾಗಿದೆ. ಪರಿಶೋಧನಾ ಗಣಿ ತೋಡಿದ್ದಾಗಿದೆ, ಸ್ಥಳೀಯರು ವಿರೋಧಿಸಿದ್ದೂ ಆಗಿದೆ. ಸುಣ್ಣಕಲ್ಲಿನ ಅದಿರಿಗೆ ಆಮ್ಲ ಹಾಕಿದರೆ ಆಮ್ಲವನ್ನೆಲ್ಲ ಸುಣ್ಣವೇ ತಿಂದುಬಿಡುತ್ತದೆ. ಹಾಗಾಗಿ ಆಂಧ್ರದ ತುಮ್ಮಲಪಲ್ಲೆಯಲ್ಲಿ ಮಾಡುವಂತೆ ಕ್ಷಾರದ ವಿಧಾನ ಬೇಕು. ಚರ್ಚ್ ರಾಕ್‌ನ ಹಾಗೆ ಕಾಲು ಸುಡುವ ಆಮ್ಲದ ಪ್ರವಾಹ ಇಲ್ಲಿನ ಭಯವಲ್ಲ. ಕ್ಷಾರದ ನೀರಿನಲ್ಲಿ ಯುರೇನಿಯಂ ಸುಲಭವಾಗಿ ಕರಗಿಕೊಂಡು ಚಲಿಸುತ್ತದೆ, ಕೊಳದ ತಳದಿಂದ ಬಸಿದು ಬಾವಿಗೆ ಸೇರುವುದು ಇಲ್ಲಿ ಕೇಳಬೇಕಾದ ಪ್ರಶ್ನೆ. ಸುಣ್ಣಕಲ್ಲಿನಲ್ಲಿ ನೀರು ಸಂದುಗೊಂದುಗಳಲ್ಲಿ ಹರಿಯುವುದರಿಂದ ಅದು ಎಲ್ಲಿ ಹೊರಬರುತ್ತದೆ ಎಂದು ಹೇಳುವುದೂ ಕಷ್ಟ.

ನಮ್ಮಲ್ಲಿ ಯುರೇನಿಯಂ ಗಣಿಯನ್ನು ಇದುವರೆಗೆ ನಡೆಸಿಕೊಂಡು ಬಂದದ್ದು ಸರ್ಕಾರದ್ದೇ ಯುರೇನಿಯಂ ಕಾರ್ಪೊರೇಷನ್. ಗಣಿಯ ಸಾಮಾನ್ಯ ಸುರಕ್ಷತೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು, ವಿಕಿರಣ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದ್ದು, ಪರಿಸರ ಅನುಮತಿ ಕೇಂದ್ರ ಸಚಿವಾಲಯದ್ದು, ಹೊರಬಿಡುವ ನೀರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. ನಾಲ್ಕು ಕಚೇರಿ ಇದ್ದರೆ ನಾಲ್ಕು ಪಟ್ಟು ಕಾವಲು ಎಂದು ಕಾಗದದಲ್ಲಿ ಕಾಣುತ್ತದೆ. 2006ರ ಡಿಸೆಂಬರ್ 25ರಂದು ಜಾರ್ಖಂಡ್‌ನ ಯುರೇನಿಯಂ ಗಣಿ ಊರಾದ ಜಾದುಗುಡ ಬಳಿಯ ಡುಂಗ್ರಿಡೀಹ್‌ನಲ್ಲಿ ಟೇಲಿಂಗ್ಸ್ ಪೈಪು ಒಡೆದು ಹಳ್ಳಕ್ಕೆ ಕೆಸರು ಹರಿದಾಗ ಮೊದಲು ಕಂಡು ಸುದ್ದಿ ಮುಟ್ಟಿಸಿದವರು ಊರಿನವರು. ನಿಲ್ಲಿಸುವಷ್ಟರಲ್ಲಿ ಗಂಟೆಗಟ್ಟಲೆ ಹರಿದಾಗಿತ್ತು.

ಗೋಗಿಯ ಜನ ಕೇಳಬೇಕಾದದ್ದು ಅಣುವಿಜ್ಞಾನದ ಪ್ರಶ್ನೆಗಳಲ್ಲ. ಗಣಿಯಿಂದ ಪಂಪ್ ಮಾಡುವ ನೀರು ಯಾವ ಹಳ್ಳಕ್ಕೆ, ದಿನಕ್ಕೆ ಎಷ್ಟು? ಬೇಸಿಗೆಯಲ್ಲಿ ಆ ಹಳ್ಳದಲ್ಲಿ ಬೇರೆ ನೀರು ಇರುತ್ತದೆಯೇ? ಕೆಲಸ ಶುರುವಾಗುವ ಮುಂಚೆಯೇ ಸುತ್ತಲಿನ ಬಾವಿ, ಬೋರ್‌ವೆಲ್‌ಗಳ ನೀರು ಪರೀಕ್ಷಿಸಿ ಫಲಿತಾಂಶದ ಚೀಟಿಯನ್ನು ಮನೆಯವರ ಕೈಗೆ ಕೊಟ್ಟಿದ್ದಾರೆಯೇ? ಕೊನೆಯದು ಎಲ್ಲಕ್ಕಿಂತ ಮುಖ್ಯ. ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್‌ವೆಲ್‌ಗಳಲ್ಲಿ ಗಣಿಯೇ ಇಲ್ಲದೆ ಕಲ್ಲಿನಿಂದಲೇ ಯುರೇನಿಯಂ ಬರುತ್ತದೆ. ಹಾಗಿರುವಾಗ ಮೊದಲಿನ ಅಳತೆ ಕೈಯಲ್ಲಿಲ್ಲದಿದ್ದರೆ ನಾಳೆ ಯಾರಾದರೂ ‘ಇದು ಮೊದಲಿಂದಲೂ ಇತ್ತು’ ಅಂದರೆ ಎದುರು ಹೇಳಲು ಏನೂ ಇರುವುದಿಲ್ಲ.

ಹತ್ತಿರದ ಎರಡು ಗುಡ್ಡೆ

ಚರ್ಚ್ ರಾಕ್‌ನ ಈಶಾನ್ಯ ಗಣಿಯೂ 1982ರಲ್ಲೇ ನಿಂತಿತು. ಅದರ ತ್ಯಾಜ್ಯದ ಗುಡ್ಡೆಗಳ ಪಕ್ಕದಲ್ಲೇ ಮನೆಗಳಿವೆ. ಮನೆಗಳ ಸುತ್ತಲಿನ ಮಣ್ಣು ತೆಗೆಯುವ ಕೆಲಸ ಶುರುವಾದದ್ದು 2007ರಲ್ಲಿ. ಅದಕ್ಕಾಗಿ ಕುಟುಂಬಗಳು ಊರು ಬಿಟ್ಟು ಕೆಲಕಾಲ ಬೇರೆಡೆ ಇರಬೇಕಾಯಿತು. ಉಳಿದ ಸುಮಾರು 7.5 ಲಕ್ಷ ಘನ ಮೀಟರ್ ಮಣ್ಣನ್ನು ಹತ್ತಿರದಲ್ಲೇ ಇರುವ ಹಳೆಯ ಮಿಲ್‌ನ ಟೇಲಿಂಗ್ಸ್ ಮೇಲೆ ಹಾಕಿ ಹೊದಿಕೆ ಮುಚ್ಚುವುದು ಎಂದು ಪರಿಸರ ಸಂಸ್ಥೆ 2013ರಲ್ಲಿ ತೀರ್ಮಾನಿಸಿತು. ಗಣಿಯ ಮಣ್ಣು ಪರಿಸರ ಸಂಸ್ಥೆಯದ್ದು, ಮಿಲ್‌ನ ಜಾಗ ಅಣು ನಿಯಂತ್ರಣ ಆಯೋಗದ್ದು. ಒಂದರ ಮಣ್ಣು ಇನ್ನೊಂದರ ಬೇಲಿ ದಾಟಲು ಆಯೋಗ ಪರವಾನಗಿ ತಿದ್ದಬೇಕು. ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ, ಗಣಿ ನಿಂತು 41 ವರ್ಷಗಳ ಮೇಲೆ.

ರೆಡ್ ವಾಟರ್ ಪಾಂಡ್ ರೋಡ್ ಎಂಬ ಅಲ್ಲಿನ ಸಮುದಾಯದವರು ಪ್ರತಿ ಜುಲೈಯಲ್ಲಿ ಸೇರಿ ಏರಿ ಒಡೆದ ದಿನವನ್ನು ನೆನೆಯುತ್ತಾರೆ. ತ್ಯಾಜ್ಯವನ್ನು ತಮ್ಮ ಸೀಮೆಯಿಂದ ಪೂರ್ತಿಯಾಗಿ ಹೊರಗೆ ಸಾಗಿಸಿ ಎಂಬುದು ಅವರ ಬಹುಕಾಲದ ಬೇಡಿಕೆ. ಒಪ್ಪಿಗೆಯಾದ ಯೋಜನೆಯಲ್ಲಿ ಹೆಚ್ಚು ವಿಕಿರಣವಿರುವ ಸ್ವಲ್ಪ ಭಾಗ ಮಾತ್ರ ಹೊರಗೆ ಹೋಗುತ್ತದೆ. ಉಳಿದದ್ದು ಸುಮಾರು 35 ಲಕ್ಷ ಟನ್ ಟೇಲಿಂಗ್ಸ್ ಇರುವ ಆ ಮಿಲ್ ಜಾಗದಲ್ಲೇ, ಪೈಪ್‌ಲೈನ್ ಅರೋಯೊ ಹಳ್ಳದ ಪಕ್ಕದಲ್ಲೇ ಉಳಿಯುತ್ತದೆ.